ಎರಡು ಮೊಣಕಾಲಿನ ಬಂದೂಕು

ತಿಕೋಟಾದಲ್ಲಿ ನಮ್ಮ ಕಾಕಾನಷ್ಟು ಅಪಾಯಕಾರಿ ಮನುಷ್ಯ ಇನ್ನೊಬ್ಬನಿಲ್ಲ. ಕೈಯಲ್ಲಿ ಬಂದೂಕು ಇದ್ದರಂತೂ ಕೇಳಲೇಬೇಡಿ! ಹಾಗಂತ ಅವನು ಜನ್ಮದಲ್ಲಿ ಒಂದು ಗುಂಡು ಹಾರಿಸಿದವನಲ್ಲ; ದೀಪಾವಳಿಯ ಸುರುಸುರುಬತ್ತಿಗೇ ಕಿವಿಗೆ ಹತ್ತಿ ತುರುಕಿಕೊಳ್ಳುವ ಶೂರ. ಅವನು ಹೊಡೆದು ಕೆಡವುವುದು ಬೆಲೆಯನ್ನು.

ಹಳೆಯ ಬೇಟೆ ರೈಫಲ್ಲು ಕೈ ಬದಲಾಗುವಾಗ ನ್ಯಾಯದ ಬೆಲೆ ಹೇಳಲು ವಿಜಯಪುರದ ಬಂದೂಕಿನ ಅಂಗಡಿಯವರು ಅವನನ್ನೇ ಕರೆಸುತ್ತಾರೆ. ಅವನು ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರೆ ಬಾಯಿ ತಾನೇ ತೆರೆದುಕೊಳ್ಳುತ್ತದೆ. ಬಾಯಿಗೇನು ಕಾಣುತ್ತದೆಯೋ! ಇದನ್ನು ನಾನು ಛತ್ರಿ ಹಿಡಿದು ಮದುವೆಮನೆಗಳಲ್ಲಿ ಆಡಿ ತೋರಿಸುತ್ತೇನೆ. ಒಮ್ಮೆ ಅವನೇ ಹಿಂದೆ ನಿಂತು ನೋಡಿ, "ಬಾಯಿ ಇನ್ನಾ ಅಗಲ ತೆಗೀಬೇಕಲೇ" ಎಂದು ತಿದ್ದಿದ. ಆಗಿನ ನನ್ನ ಮುಖವನ್ನು ಅಣಕಿಸಲು ಇನ್ನೊಬ್ಬ ಬೇಕಿತ್ತು.

ಬಬಲೇಶ್ವರದ ಗೌಡರೊಬ್ಬರು ಪ್ರತಿ ಖಂಡೇನವಮಿಗೂ ಅಜ್ಜನ ರೈಫಲ್ಲಿಗೆ ಭಕ್ತಿಯಿಂದ ಹೊಸ ವಾರ್ನಿಷ್ ಬಳಿದಿದ್ದರು.

"ಹ್ಯಾಂಗ ಮಿಂಚತೈತಿ ನೋಡ್ರಿ!"

"ಮಿಂಚತೈತ್ರೀ. ಹಳೇ ಮೆರಗಿಗೆ ರೊಕ್ಕ ಇತ್ತು, ಅದನ್ನ ಪೂಜಾ ಮಾಡಿ ಮಾಡಿ ಮುಚ್ಚೀರಿ. ಈಗಿದು ಮದುವಿ ಮಂಚದ ರೇಟಿಗೆ ಹೋಗತೈತಿ."

ಅಂದು ನಮಗೆ ಚಹಾ ಬರಲಿಲ್ಲ.

ಇಂಥವನ ಕೈಗೆ ನಮ್ಮ ಮನೆಯ ರೈಫಲ್ಲೇ ಬಂದರೆ? ಅಪ್ಪ ತೀರಿಕೊಂಡ ಮೇಲೆ ಅದನ್ನು ಅಂಗಡಿಯಲ್ಲಿ ಇರಿಸಿದ್ದೆವು. ಅದನ್ನು ಮಾರಿದರೆ ಅವ್ವನ ಎರಡೂ ಮೊಣಕಾಲಿನ ಆಪರೇಷನ್! ಹಿಂದಿನ ದಿನವೇ ನಾನು ಬೇಡಿಕೊಂಡೆ.

"ಕಾಕಾ, ನಾಳೆ ಒಂದ ದಿನ ಬಾಯಿ ಮುಚ್ಚಿ ನೋಡ್ರಿ."

"ನೋಡೂಣು" ಅಂದ. ರಾತ್ರಿಯಿಡೀ ನನಗೆ ನಿದ್ದೆ ಹತ್ತಲಿಲ್ಲ.

ಕೊಳ್ಳಲು ಬಂದವರು ಹಳೆಯ ಬಂದೂಕು ಕೂಡಿಡುವ ಹವ್ಯಾಸದ ವಕೀಲರು. ಕಾಕಾ ನೋಡಿದ: ನಳಿಗೆಯ ನಂಬರು, ಬಂದೂಕಿನ ಮೈಮೇಲಿನ ನಂಬರು ಒಂದೇ. ಒಳಗೆ ತುಕ್ಕಿಲ್ಲ. ಮೆರುಗು ಹಳೆಯದೇ. ವಕೀಲರು ಹೇಳಿದ ಬೆಲೆ ಸರಿಯಾಗಿ ಎರಡು ಮೊಣಕಾಲಿನಷ್ಟು! ನಾನು ಕಾಕಾನ ಬಾಯಿಯನ್ನೇ ನೋಡಿದೆ.

"ಒಂದ ನಿಮಿಷ" ಎಂದ ಕಾಕಾ. "ಹಿಡಿಕಿ ತುದಿಗಿನ ಹಿತ್ತಾಳಿ ತಗಡ ಬಿಚ್ಚರಿ."

ನಾನು ಅವನ ಕಾಲು ತುಳಿದೆ. ಕಾಲನ್ನು ಮೆಲ್ಲಗೆ ಅತ್ತ ಸರಿಸಿಕೊಂಡ. ಸ್ಕ್ರೂಗಳು ಒಂದೊಂದಾಗಿ ಹೊರಬಂದವು. ತಗಡಿನ ಕೆಳಗೆ, ಕಟ್ಟಿಗೆಯಲ್ಲಿ, ಬೆರಳುದ್ದದ ಬಿರುಕು.

"ಮ್ಯಾಲಿಂದ ಕಾಣಾಂಗೇ ಇಲ್ಲ! ನಿಮಗ ಹ್ಯಾಂಗ ಗೊತ್ತಾತ್ರಿ?"

"ನಾನ ಕೆಡವಿದ್ದು, ವಕೀಲ್ರ. ಎಂಟ ವರ್ಷದಾವಿದ್ದೆ."

ಎರಡು ಮೊಣಕಾಲಿನ ಬಂದೂಕು ಒಂದು ಮೊಣಕಾಲಿಗೆ ಇಳಿಯಿತು! ನಾನು ಬಾಯಿಗೆ ಬಂದದ್ದನ್ನು ಅನ್ನುವವನೇ ಇದ್ದೆ. ಅಷ್ಟರಲ್ಲಿ ನಮ್ಮ ಜೊತೆ ಬಂದು ಬೆಂಚಿನ ಮೇಲೆ ಕೂತಿದ್ದ ಅವ್ವ ಕೇಳಿದಳು:

"ನಾನ ಕೆಡವಿದ್ದು ಅಂತಿದ್ರಲ್ಲ ನಿಮ್ಮ ಅಣ್ಣಾರು? ಮಾವನ ಕಡೆ ಬಾರಕೋಲ ಏಟ ತಿಂದೆ ಅಂತನೂ ಹೇಳ್ತಿದ್ರು."

"ಏಟ ತಿಂದಾವ ಅಣ್ಣನ, ವೈನಿ." ಕಾಕಾ ಬಿರುಕಿನ ಮೇಲೆ ಬೆರಳಾಡಿಸಿದ. "ನಾ ಬಾಗಲಾ ಹಿಂದ ನಿಂತು ನೋಡಾಕತ್ತಿದ್ದೆ, ಬಾಯಿ ಬಿಡಲಿಲ್ಲ. ಅಂವ ಸಾಯೂತನಕ ಹೇಳಲಿಲ್ಲ. ಇವತ್ತೂ ಸುಮ್ಮನಿದ್ರ ಹ್ಯಾಂಗ?"

ಅವ್ವ ಗೋಡೆ ಹಿಡಿದು ಎದ್ದು ಬಂದು ಅವನ ಹೆಗಲ ಮೇಲೆ ಭಾರ ಬಿಟ್ಟು ನಿಂತಳು.

"ಒಂದ ಕಾಲ ಆದ್ರ ಸಾಕ ತಮ್ಮಾ. ಇನ್ನೊಂದ ಕಡಿಗೆ ನೀ ಅದಿಯಲ್ಲ."