ನೆತ್ತಿಯ ಕಲ್ಲು

ಬೆಳಿಗ್ಗೆ ಒಂಬತ್ತೂ ಕಾಲು. 1998ರ ಏಪ್ರಿಲ್. ಪಿರಿಯಾಪಟ್ಟಣದ ಪಕ್ಕದ ಹಳ್ಳಿಯೊಂದರಲ್ಲಿ ಕಟ್ಟುತ್ತಿದ್ದ ಚರ್ಚಿನ ಬಾಗಿಲ ಕಮಾನಿಗೆ ಆಸರೆಯಾಗಿದ್ದ ಮರದ ಚೌಕಟ್ಟನ್ನು ಅಂದು ತೆಗೆಯಬೇಕಾಗಿತ್ತು. ಕಮಾನು ಕಟ್ಟಿದವನು ಮೇಸ್ತ್ರಿ ಲಿಂಗರಾಜು. ಅವನು ಮೂರು ರಾತ್ರಿಯಿಂದ ನಿದ್ದೆ ಮಾಡಿರಲಿಲ್ಲ.

ಫಾದರ್ ಲೂರ್ದುಸ್ವಾಮಿ ಯುರೋಪಿನ ಹಳೆಯ ರೋಮನೆಸ್ಕ್ ಚರ್ಚೊಂದರ ಚಿತ್ರ ತೋರಿಸಿ ಹಾಗೇ ಬೇಕೆಂದಿದ್ದರು: ಮೂರಡಿ ದಪ್ಪದ ಗೋಡೆ, ಸಂದಿಯಂಥ ಕಿಟಕಿ, ಬಾಗಿಲ ಮೇಲೆ ಅರ್ಧಚಂದ್ರದಂಥ ಕಲ್ಲಿನ ಕಮಾನು. ಲಿಂಟಲ್ ಇಲ್ಲ, ಕಬ್ಬಿಣ ಇಲ್ಲ. ಕಲ್ಲನ್ನು ಕಲ್ಲೇ ಹಿಡಿದುಕೊಳ್ಳಬೇಕು. ಇದು ನಿಲ್ಲುತ್ತದೆಂದು ಲಿಂಗರಾಜು ನಂಬಿರಲಿಲ್ಲ. ಊರೂ ನಂಬಿರಲಿಲ್ಲ. ಆದ್ದರಿಂದಲೇ ನೋಡಲು ಬಂದಿತ್ತು.

“ನಮ್ಮಪ್ಪನ ಕಾಲ್ದಲ್ಲಿ ಕಮಾನು ಕಟ್ದೋನೇ ಕೆಳ್ಗೆ ನಿಂತ್ಕತಿದ್ದ ಕಣ್ಲಾ,” ಎಂದ ಮುದುಕ ಕರಿಯಯ್ಯ, ಬೀಡಿ ಹಚ್ಚುತ್ತ. “ನೀನು ನಿಲ್ಲದಿದ್ರೆ ಇನ್ಮ್ಯಾಕೆ ನಿನ್ ಕೈಲಿ ಕೋಳಿಗೂಡೂ ಕಟ್ಸಕಿಲ್ಲ.”

“ನಿಂತ್ಕಂಡೋರು ಏನಾದ್ರು?” ಎಂದ ಲಿಂಗರಾಜು.

“ಒಬ್ಬ ಬದುಕ್ದ. ಇನ್ನೊಬ್ಬನ್ನ ನೀನು ನೋಡಿಲ್ಲ ಬುಡು.”

ಫಾದರ್ ಬೇಡವೆಂದರು. ಯಾರೂ ಕೇಳಲಿಲ್ಲ. ಲಿಂಗರಾಜುವಿನ ಹೆಂಡತಿ ತಿಮ್ಮಮ್ಮ ಮಾತ್ರ ಮುಂದೆ ಬಂದಳು. “ವಾಚು ಬಿಚ್ಕೊಟ್ಟು ನಿಂತ್ಕಳಿ,” ಎಂದಳು.

ಲಿಂಗರಾಜು ವಾಚು ಕೊಟ್ಟು, ಮಳೆಗೆ ಸಿಕ್ಕ ಮೇಕೆಯಂತೆ ಕಮಾನಿನಡಿ ನಿಂತ. ಬಡಗಿ ಕುಳ್ಳಯ್ಯ ಸುತ್ತಿಗೆ ಎತ್ತಿದ.

“ತಡಿಯೋ! ಸಾಯಕ್ ಮುಂಚೆ ಒಂದ್ಮಾತು.” ಲಿಂಗರಾಜು ಎದುರು ಮನೆಯ ದೊಡ್ಡಮಾದಯ್ಯನತ್ತ ತಿರುಗಿದ. “ಮಾದಣ್ಣ, ಶಿವರಾತ್ರೀಲಿ ಕಳ್ದೋದ ನಿನ್ ಬಟ್ಟೆ ಒಗ್ಯೋ ಕಲ್ಲು ಇಲ್ಲೇ ಮ್ಯಾಲೈತೆ. ಕಮಾನಿನ ನಟ್ಟನಡೂಕಿರೋ ನೆತ್ತಿ ಕಲ್ಲು ಅದೇಯ. ಒಂದ್ಕಡೆ ಸಣ್ಣಕಿತ್ತು, ಅಳತೆಗೆ ಸರ್ಯಾಗಿ ಕೂತ್ಕಂತು. ನಾನೇ ಕದ್ದೆ. ಹೊಟ್ಟೆಗಾಕ್ಕೊ.”

ಕುಳ್ಳಯ್ಯ ಹೊಡೆಯಲಿಲ್ಲ. ಚೌಕಟ್ಟನ್ನು ಕೈಯಲ್ಲೇ ಅಲ್ಲಾಡಿಸಿದ.

“ಇದು ಬಿಸ್ಲಿಗೆ ಒಣ್ಗಿ ಯಾವತ್ತೋ ಇಳ್ದೋಗೈತೆ ಕಣ್ಲಾ! ಮರಕ್ಕೂ ಕಲ್ಲಿಗೂ ಎಲ್ಡು ಬೆರಳು ಸಂದಿ. ಕಮಾನು ವಾರದಿಂದ್ಲೂ ತಾನೇ ನಿಂತೈತೆ.”

ಚೌಕಟ್ಟು ಇಳಿಯಿತು. ಕಮಾನು ಕದಲಲಿಲ್ಲ. ಫಾದರ್ ಶಿಲುಬೆಯ ಗುರುತು ಮಾಡಿಕೊಂಡರು. ಉಳಿದವರೆಲ್ಲ ದೊಡ್ಡಮಾದಯ್ಯನನ್ನೇ ನೋಡುತ್ತಿದ್ದರು.

“ನನ್ ಕಲ್ಲು?”

“ತೆಗುದ್ರೆ ಎಲ್ಲಾ ಬೀಳ್ತದೆ ಮಾದಣ್ಣ.”

“ಬೀಳ್ಸು ಅಂದ್ನಾ? ಕಲ್ಲು ಕೊಡು ಅಂದೆ.”

ಸಂಜೆ ಐದಕ್ಕೆ ಲಿಂಗರಾಜುವಿನ ಮನೆಯ ಬಟ್ಟೆ ಒಗೆಯುವ ಕಲ್ಲು ಎತ್ತಿನ ಗಾಡಿಯಲ್ಲಿ ದೊಡ್ಡಮಾದಯ್ಯನ ಹಿತ್ತಲಿಗೆ ಹೋಯಿತು. ಮರುದಿನ ಬೆಳಿಗ್ಗೆ ಲಿಂಗರಾಜು ಬಟ್ಟೆಯ ಗಂಟು ಹೊತ್ತು ಕೆರೆಗೆ ಹೋದ. ತಿಮ್ಮಮ್ಮ ಹೋಗಲಿಲ್ಲ.