ವೆಂಕಟೇಶ್ವರ ಮಾಷ್ಟ್ರ ಬಾಡಿಗೆ ಸಾಮ್ರಾಜ್ಯ

ಮೂವತ್ತಮೂರು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿ ನಿವೃತ್ತರಾದ ವೆಂಕಟೇಶ್ವರ ಮಾಷ್ಟ್ರು ಒಂದು ಸೋಮವಾರ ಬೆಳಿಗ್ಗೆ ದೋಸೆಯ ಮುಂದೆ ಕೂತು ಘೋಷಿಸಿಯೇ ಬಿಟ್ಟರು: "ವಾಗ್ದೇವೀ, ಇನ್ನು ನಾನು ಬರೀ ಪೆನ್ಶನ್‌ದಾರ ಅಲ್ಲ. ಬಾಡಿಗೆ ಮನೆಗಳ ಮಾಲೀಕ!"

"ಮನೆಗಳು ಎಷ್ಟುಂಟು?" ಹೆಂಡತಿ ಕಾವಲಿಯಿಂದ ಕಣ್ಣೆತ್ತಲಿಲ್ಲ.

"ಸದ್ಯಕ್ಕೆ ಒಂದು."

ಆ ಒಂದು ಇದ್ದದ್ದು ಬೆಳ್ತಂಗಡಿ ಪಕ್ಕದ ಲಾಯಿಲದಲ್ಲಿ. ಹಳೆಯ ಹೆಂಚಿನ ಮನೆ. ಬೀಡಿ ಕಟ್ಟಿಕೊಂಡು ಹನ್ನೊಂದು ವರ್ಷದಿಂದ ಅಲ್ಲಿ ಬಾಡಿಗೆಗಿದ್ದ ಪೂವಮ್ಮನೂ ಮನೆಯ ಜೊತೆಗೇ ಮಾಷ್ಟ್ರ ಪಾಲಿಗೆ ಬಂದಿದ್ದರು. ಮನೆಯನ್ನು ಹೊಸತು ಮಾಡಿ, ಬಾಡಿಗೆ ಏರಿಸಿ, ಆ ಬಾಡಿಗೆಯಿಂದ ಇನ್ನೊಂದು ಮನೆ ಕೊಳ್ಳಿ ಎಂದು ಮೊಬೈಲಿನಲ್ಲಿ ಯಾರೋ ಕೋಟು ತೊಟ್ಟವರು ಹೇಳಿದ್ದರಂತೆ. ಮಾಷ್ಟ್ರು ಲೆಕ್ಕ ಹಾಕಿ ನೋಡಿದರು. ಎಪ್ಪತ್ತು ತುಂಬುವಾಗ ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೆ ರಸ್ತೆಯ ಎಡಬದಿ ಪೂರ್ತಿ ಅವರದ್ದೇ!

"ಬಲಬದಿ ಎಂತಕ್ಕೆ ಬಿಟ್ಟದ್ದು, ಪಾಪ?" ಎಂದರು ವಾಗ್ದೇವಿಯಮ್ಮ.

ಮಾಷ್ಟ್ರು ಅದೇ ದಿನ ಲಾಯಿಲಕ್ಕೆ ಹೋದರು. "ಪೂವಮ್ಮ, ರಿಪೇರಿ ಮುಗಿಯುವವರೆಗೆ ನಮ್ಮಲ್ಲೇ ಇರಿ. ಎರಡು ಕೋಣೆ ಖಾಲಿ ಉಂಟು. ಹದಿನೈದೇ ದಿನ!"

ಪೂವಮ್ಮ ಬಂದರು. ಅವರ ಹಿಂದೆ ಕಪಾಟು ಬಂತು, ಬೀಡಿ ಎಲೆಯ ಕಟ್ಟುಗಳು ಬಂದವು, ಮೂರು ಹೇಂಟೆಗಳೂ ಬಂದವು. ನೀರುಳ್ಳಿಯನ್ನು ಕೂಡ ಯೋಚಿಸಿ ಒಳಗೆ ಬಿಡುತ್ತಿದ್ದ ಮನೆಯ ಜಗಲಿಯಲ್ಲಿ ಮೂರನೇ ದಿನವೇ ಕೋಳಿ ಮೊಟ್ಟೆಯಿಟ್ಟಿತು. ಅದೂ ಮಾಷ್ಟ್ರ ಆರಾಮಕುರ್ಚಿಯ ಮೇಲೆ!

ಇತ್ತ ಲಾಯಿಲದಲ್ಲಿ ಮೇಸ್ತ್ರಿ ಶೀನಪ್ಪ, "ಸುಣ್ಣ ಬಳಿದು ನಾಲ್ಕು ಹೆಂಚು ಬದಲಿಸಿದರೆ ಸಾಕು ಮಾಷ್ಟ್ರೇ" ಎಂದರು. ಸಾಮ್ರಾಜ್ಯ ಕಟ್ಟುವವರಿಗೆ ನಾಲ್ಕು ಹೆಂಚು ಎಲ್ಲಿ ಸಾಕು? ಎದುರು ಬಾಗಿಲು ಪೂರ್ವಕ್ಕೆ ಬಂತು. ಬಚ್ಚಲು ಪಶ್ಚಿಮಕ್ಕೆ ಹೋಯಿತು. ಎರಡು ಗೋಡೆ ಬಿದ್ದವು, ಮೂರು ಎದ್ದವು. ಬಚ್ಚಲಿನ ನೆಲದ ಇಳಿಜಾರನ್ನಂತೂ ಮಾಷ್ಟ್ರು ಸ್ವತಃ ಕಾಗದದಲ್ಲಿ ಲೆಕ್ಕ ಹಾಕಿ ಕೊಟ್ಟರು.

ಶೀನಪ್ಪ ತಲೆ ಕೆರೆದುಕೊಂಡರು. "ನೀರು ಆ ಕಡೆ ಹೋದೀತಾ?"

"ಮೂವತ್ತಮೂರು ವರ್ಷ ಲೆಕ್ಕ ಕಲಿಸಿದ್ದೇನೆ ಮಾರಾಯ!"

"ನೀರಿಗೂ ಕಲಿಸಿದ್ದೀರಾ?"

ಹದಿನೈದು ದಿನ ಎಂಬತ್ತು ದಿನವಾಯಿತು. ಕೊನೆಗೆ ಜುಲೈ ಇಪ್ಪತ್ತಕ್ಕೆ ಮಾಷ್ಟ್ರು ಬೀಗದ ಕೈ ಕುಣಿಸುತ್ತಾ ಜಗಲಿ ಹತ್ತಿದರು. "ಪೂವಮ್ಮ, ಅರಮನೆ ತಯಾರು! ನಾಳೆಯೇ ಸಾಮಾನು ಸಾಗಿಸುವ."

ಪೂವಮ್ಮ ಬೀಡಿಗೆ ನೂಲು ಸುತ್ತುತ್ತಲೇ ಹೇಳಿದರು: "ಆಟಿ ಹಿಡಿದು ಮೂರು ದಿನ ಆಯ್ತಲ್ಲ ಮಾಷ್ಟ್ರೇ. ಆಟಿ ತಿಂಗಳಲ್ಲಿ ಹೊಸ ಮನೆಗೆ ಹೋಗ್ಲಿಕ್ಕಿಲ್ಲ."

"ಹೊಸ ಮನೆ ಎಲ್ಲಿ? ನೀವು ಹನ್ನೊಂದು ವರ್ಷ ಇದ್ದ ಮನೆ!"

"ಹಳತು ಎಂತ ಉಳಿದಿದೆ ಹೇಳಿ? ಬಾಗಿಲು ಹೊಸತು, ಗೋಡೆ ಹೊಸತು. ಗುರುತೇ ಸಿಗ್ಲಿಕ್ಕಿಲ್ಲ ಅಂತ ದಿನಾ ಹೇಳ್ತಿದ್ದದ್ದು ನೀವೇ ಅಲ್ವಾ?"

ಮಾಷ್ಟ್ರು ಸಹಾಯಕ್ಕಾಗಿ ಹೆಂಡತಿಯತ್ತ ನೋಡಿದರು. ವಾಗ್ದೇವಿಯಮ್ಮ ಪೂವಮ್ಮನ ಪಕ್ಕದಲ್ಲೇ ಕೂತು ಬೀಡಿಯ ತುದಿ ಮಡಚುವುದನ್ನು ಕಲಿಯುತ್ತಿದ್ದರು. "ಅವರು ಹೇಳುವುದು ಸರಿಯೇ. ಅಷ್ಟು ದಿನ ಎಳೆದು ಆಟಿಗೆ ಸರಿಯಾಗಿ ಮುಗಿಸಿದ್ದು ಯಾರು?"

"ಮೂಢನಂಬಿಕೆ! ನಾನೇ ಹೋಗಿ ಇದ್ದು ತೋರಿಸ್ತೇನೆ. ಎಂತ ಆಗ್ತದೆ ನೋಡುವ!"

ಚಾಪೆ, ಕೊಡೆ, ಉಪ್ಪಿನಕಾಯಿ ಭರಣಿ ಸಮೇತ ಮಾಷ್ಟ್ರು ಲಾಯಿಲಕ್ಕೆ ದಂಡೆತ್ತಿ ಹೋದರು. ಆಟಿ ಅವರಿಗೆ ಏನೂ ಮಾಡಲಿಲ್ಲ. ಅದಕ್ಕೆ ಮಾಡಲು ಮಾಷ್ಟ್ರು ಏನನ್ನೂ ಬಾಕಿ ಇಟ್ಟಿರಲಿಲ್ಲ! ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡಿದರೆ, ಬಚ್ಚಲಿನ ನೀರು ಅವರಿಗಿಂತ ಮೊದಲೇ ಕೋಣೆಗೆ ಹೋಗಿ ಚಾಪೆಯ ಮೇಲೆ ಮಲಗಿತ್ತು.

ಮಾಷ್ಟ್ರು ಮನೆಗೆ ಫೋನು ಮಾಡಿದರು. "ವಾಗ್ದೇವೀ, ಕೋಣೆಯಲ್ಲೆಲ್ಲ ನೀರು!"

"ಮಾಲೀಕರಿಗೆ ಹೇಳಿ ನೋಡಿ."

ಹಿಂದಿನಿಂದ ಪೂವಮ್ಮನ ನಗು ಕೇಳಿಸಿತು.

ಮಧ್ಯಾಹ್ನ ಇಬ್ಬರೂ ಪತ್ರೊಡೆಯ ಡಬ್ಬಿ ಹಿಡಿದು ಬಂದರು. ಪೂವಮ್ಮ ಸೀರೆ ಎತ್ತಿ ಕಟ್ಟಿ ಮನೆಯನ್ನು ಒಂದು ಸುತ್ತು ಬಂದರು. ಬಚ್ಚಲಿನ ಬಾಗಿಲು ತೆರೆದರು. ಅಡಿಗೆಮನೆಗೆ ದಾರಿ ಬಂದ್ ಆಯಿತು. ಅದನ್ನು ಮುಚ್ಚಿದರು, ದಾರಿ ಆಯಿತು. ಇನ್ನೊಮ್ಮೆ ತೆರೆದು ಮುಚ್ಚಿದರು.

ಮಾಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಈಕೆ ಬರುವುದೇ ಇಲ್ಲ ಎಂದರೆ? ಸಾಮ್ರಾಜ್ಯ ಹಾಳಾಗಲಿ, ತನ್ನ ಸ್ವಂತ ಮನೆಯ ಎರಡು ಕೋಣೆ, ಜಗಲಿ, ಕುರ್ಚಿ, ಈಗೀಗ ಹೆಂಡತಿ ಕೂಡ ಪೂವಮ್ಮನ ಪಾಲು!

"ಎಲ್ಲ ಸರಿ ಮಾಡಿಸ್ತೇನೆ ಪೂವಮ್ಮ. ಆಟಿ ಕಳೆದ ಮೇಲೆ ಬರ್ತೀರಲ್ಲ?" ಪರೀಕ್ಷೆಯಲ್ಲಿ ಒಂದು ಮಾರ್ಕಿಗೆ ಬೇಡುವ ಸ್ವರ.

"ಬರ್ತೇನೆ. ಆದರೆ ಶೀನಪ್ಪಣ್ಣನ ಹತ್ತಿರ ಕೆಲಸ ನಾನೇ ನಿಂತು ಮಾಡಿಸ್ತೇನೆ. ಮುಗಿಯುವವರೆಗೆ ನೀವು ಈ ಕಡೆ ಬರ್ಬಾರದು."

"ಮಾಲೀಕ ನಾನು! ಅಷ್ಟು ದಿನ ಮನೆಯಲ್ಲಿ ಕೂತು ಎಂತ ಮಾಡುವುದು?"

ಪೂವಮ್ಮ ಸಮಾಧಾನದಲ್ಲಿ ಹೇಳಿದರು: "ನಾನು ಇಲ್ಲಿ ನಿಂತರೆ ನನ್ನ ಬೀಡಿ ಎಲೆ ಕತ್ತರಿಸುವುದು ಬಾಕಿ ಆಗ್ತದೆ. ಅದನ್ನು ಮಾಡಿ. ಅಳತೆಗೆ ತಗಡಿನ ತುಂಡು ಉಂಟು, ಎಲೆಯ ಮೇಲೆ ಇಟ್ಟು ಸುತ್ತ ಕತ್ತರಿಸಿದರೆ ಆಯ್ತು. ಲೆಕ್ಕ ಮಾತ್ರ ಹಾಕ್ಬೇಡಿ ಮಾಷ್ಟ್ರೇ!"