ಸೆಕೆಂಡಿಗೆ ನಾಲ್ಕು ಸಲ "ಇದ್ದೀರಾ?"

ಗಂಡ: ಸೆಕೆಂಡು ಅಂದ್ರೆ ಸೆಕೆಂಡು ಕಣೇ! ಇಪ್ಪತ್ತೆರಡು ವರ್ಷದಿಂದ ಗಡಿಯಾರ ರಿಪೇರಿ ಮಾಡ್ತಿದ್ದೀನಿ. ಎಂತೆಂಥಾ ಕಂಪನಿ ಗಡಿಯಾರ ನನ್ನ ಕೈಗೆ ಬಂದಿವೆ. ಒಂದರಲ್ಲಿ ಸೆಕೆಂಡು ಉದ್ದ, ಇನ್ನೊಂದರಲ್ಲಿ ಗಿಡ್ಡ ಅಂತ ಎಲ್ಲಾದ್ರೂ ಇದ್ಯಾ?

ಹೆಂಡತಿ: ನಿಮ್ಮ ಸೆಕೆಂಡು ನಿಮ್ಮ ಅಂಗಡೀಲಿ ಇಟ್ಕೊಳ್ಳಿ. ನನ್ನ ಇಪ್ಪತ್ತೇಳನೇ ಪುಟ ಎಲ್ಲಿ ಹೇಳಿ.

ಗಂಡ: ನಾನೇನು ತಿಂದ್ನಾ ಅದನ್ನ?

ಊಟದ ಮೇಜಿನ ಮೇಲೆ ಅನ್ನದ ಪಾತ್ರೆ ಇರಬೇಕಾದ ಜಾಗದಲ್ಲಿ ಮೂರು ಕಂಪ್ಯೂಟರ್‌ಗಳು ಕೂತಿದ್ದವು. ಹೆಂಡತಿಯದು ವಿಂಡೋಸ್. ಗಂಡ ಅಂಗಡಿಯಿಂದ ಹೊತ್ತು ತಂದ ಹಳೆಯ ಪೆಟ್ಟಿಗೆಯದು ಲಿನಕ್ಸ್. ಕಾಲೇಜಿಗೆ ಹೋಗಿರುವ ಮಗಳದು ಮ್ಯಾಕ್, ಅದನ್ನು ಮುಟ್ಟಬಾರದೆಂದು ಅವಳು ಬೆಳಿಗ್ಗೆಯೇ ಎರಡು ಸಲ ಹೇಳಿ ಹೋಗಿದ್ದಳು. ಹೆಂಡತಿಗೆ ಅಂದು ಪರೀಕ್ಷೆ. ಒಂದು ಪ್ರಕಾಶನದವರು ಈಜು ಕಲಿಸುವ ಪುಸ್ತಕದ ನಲವತ್ತು ಪುಟ ಕೊಟ್ಟಿದ್ದರು. ಮನೆಯಿಂದಲೇ ಅವರ ಆಫೀಸಿನ ಮೆಷಿನ್ನಿಗೆ ಸೇರಿಕೊಂಡು, ತಪ್ಪು ತಿದ್ದಿ, ಸಂಜೆ ಐದರೊಳಗೆ ಒಪ್ಪಿಸಿದರೆ ಪ್ರೂಫ್ ನೋಡುವ ಕೆಲಸ ಸಿಗುತ್ತದೆ. ಎಷ್ಟೋ ವರ್ಷಗಳ ನಂತರ ಅವಳು ಮನಸ್ಸಿಟ್ಟು ಆಸೆಪಟ್ಟ ಕೆಲಸ ಅದು. ಆದರೆ ಅವಳು ಸದ್ದಿಲ್ಲದೆ ಓದಲು ಕೂತರೆ ಐದು ನಿಮಿಷಕ್ಕೆ ಸಂಪರ್ಕ ಕಡಿದು ಬೀಳುತ್ತಿತ್ತು, ಜೊತೆಗೆ ಆ ಪುಟಕ್ಕೆ ಹಾಕಿದ ಗುರುತುಗಳೂ ಮಾಯ.

ಹೆಂಡತಿ: "ಮೊದಲು ನೀರಿಗೆ ಹಾರಿ, ಆಮೇಲೆ ಆಳ ಎಷ್ಟಿದೆ ನೋಡಿ" ಅಂತ ಅಚ್ಚಾಗಿತ್ತು. ಮೂರು ಸಲ ತಿದ್ದಿದೆ, ಮೂರು ಸಲವೂ ಕಟ್ ಆಯ್ತು. ಪಾಪ ಆ ಈಜೋರು ಮೂರು ಸಲ ಹಾರಿಬಿಟ್ರು! ಹತ್ತು ಗಂಟೆಗೇ ನನ್ನ ತಮ್ಮ ಫೋನಲ್ಲಿ ಹೇಳ್ತಿದ್ದ, ಪೂರ್ತಿ ಕೇಳಿದ್ರಾ ನೀವು?

ಗಂಡ: ಕೀಪಲೈವ್ ಅನ್ನೋದನ್ನ ನಾಲ್ಕು ನಿಮಿಷಕ್ಕೆ ಇಡಿ ಅಂದ. ನಾಲ್ಕು ನಿಮಿಷ ಅಂದ್ರೆ ಇನ್ನೂರ ನಲವತ್ತು ಸೆಕೆಂಡು. ಇಟ್ಟು, ಮೆಷಿನ್ನು ಆಫ್ ಮಾಡಿ ಆನ್ ಮಾಡಿದೆ. ಅದಕ್ಕೂ ಮುಂದೆ ಸೆಕೆಂಡಿನ ಬಗ್ಗೆ ನನಗೇ ಪಾಠ ಹೇಳೋಕೆ ಶುರು ಮಾಡಿದ, ಫೋನ್ ಇಟ್ಟೆ. ಮರ್ಯಾದೆ ಪ್ರಶ್ನೆ.

ಹೆಂಡತಿ: ನಿಮ್ಮ ಮರ್ಯಾದೆ ಕಾಪಾಡಿದ ಕಾಲು ಗಂಟೆಗೆ ಅವರ ಆಫೀಸು ನಮ್ಮನ್ನ ಒಳಗೇ ಬಿಟ್ಕೊಳ್ಳಲಿಲ್ಲ. ಮಧ್ಯಾಹ್ನ ಒಂದು ಗಂಟೆವರೆಗೂ ಬಾಗಿಲು ಬಂದ್!

ಅವಳು ತಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ಮೇಜಿನ ನಡುವೆ ಇಟ್ಟಳು. ತಮ್ಮ ಒಂದು ದೊಡ್ಡ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನು. ಅಲ್ಲಿಯ ರೋಗಿಗಳಿಗಿಂತ ಅಕ್ಕನ ಮನೆಯ ಮೂರು ಮೆಷಿನ್ನುಗಳೇ ಅವನಿಗೆ ಹೆಚ್ಚು ಕಷ್ಟ ಕೊಟ್ಟಿವೆ.

ತಮ್ಮ: ಭಾವ, ಮೊದಲು ರೋಗ ಏನು ಅಂತ ಕೇಳಿ. ನಿಮ್ಮ ಮನೆ ಗೋಡೆ ಮೇಲೆ ದೀಪ ಮಿಣುಕಿಸ್ತಾ ಇರೋ ಇಂಟರ್‌ನೆಟ್ ಡಬ್ಬಿ ಇದೆಯಲ್ಲ, ಅದಕ್ಕೆ ಮರೆವು ಜಾಸ್ತಿ. ಐದು ನಿಮಿಷ ಈ ಮೆಷಿನ್ನಾಗ್ಲಿ ಆಫೀಸಿನದಾಗ್ಲಿ ಮಾತಾಡದಿದ್ರೆ "ಇವರಿಬ್ರೂ ಎದ್ದು ಹೋದ್ರು" ಅಂತ ಅಂದುಕೊಂಡು ಸಂಪರ್ಕ ಮರೆತುಬಿಡತ್ತೆ. ಅಕ್ಕ ಓದುವಾಗ ಕೈ ಆಡಿಸಲ್ಲ, ಮಾತಿಲ್ಲ, ಕತೆ ಇಲ್ಲ.

ಗಂಡ: ನಿಮ್ಮಕ್ಕ ಐದು ನಿಮಿಷ ಮಾತಿಲ್ಲದೆ ಇರ್ತಾಳಾ? ಈ ಡಬ್ಬಿಗೆ ಇರೋ ಪುಣ್ಯ ನನಗಿಲ್ಲವಲ್ಲಪ್ಪಾ!

ಹೆಂಡತಿ: ರೀ!

ಗಂಡ ಮುಖ ಆಚೆ ತಿರುಗಿಸಿ ಸುಮ್ಮನಾದ. ಹೆಂಡತಿಯೂ ಸಿಟ್ಟಿನಿಂದ ಸುಮ್ಮನಾದಳು.

ತಮ್ಮ: ಹಲೋ? ಭಾವ? ಅಕ್ಕಾ? ಹಲೋ, ಇದ್ದೀರಾ?

ಗಂಡ: ಇದ್ದೀವಪ್ಪಾ, ಎಲ್ಲಿಗೆ ಹೋಗ್ತೀವಿ.

ತಮ್ಮ: ಇದೇ ಭಾವ ಕೀಪಲೈವ್! ಈಗ ನಾನು ಕೇಳಿದ್ನಲ್ಲ, ನೀವು ಹೂಂಗುಟ್ಟಿದ್ರಲ್ಲ, ಅಷ್ಟೇ. ಡಬ್ಬಿ ಮರೆಯೋಕೆ ಮುಂಚೆ ಮೆಷಿನ್ನು ಒಂದು ಸಲ "ಇದ್ದೀರಾ" ಅನ್ನಬೇಕು. ಮೂರು ಮೆಷಿನ್ನಿಗೂ ಹುಟ್ಟುಗುಣ ಒಂದೇ, ಎರಡು ಗಂಟೆಗೊಂದು ಸಲ ಕೇಳೋದು. ಅಷ್ಟೊತ್ತಿಗೆ ಮದುವೆ ಮುರಿದಿರತ್ತೆ. ಅದಕ್ಕೆ ನಾಲ್ಕು ನಿಮಿಷ ಅಂದೆ. ವಿಂಡೋಸಲ್ಲಿ ಎಷ್ಟು ಹಾಕಿದ್ರಿ?

ಗಂಡ: ಇನ್ನೂರ ನಲವತ್ತು.

ತಮ್ಮ: ಅಯ್ಯೋ ಭಾವ! ವಿಂಡೋಸ್ ಎಣಿಸೋದು ಮಿಲಿಸೆಕೆಂಡಲ್ಲಿ. ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು.

ಗಂಡ: ಅಂದ್ರೆ?

ತಮ್ಮ: ಅಂದ್ರೆ ನಿಮ್ಮ ಮನೆಯಿಂದ ಸೆಕೆಂಡಿಗೆ ನಾಲ್ಕು ಸಲ ಆಫೀಸಿನ ಬಾಗಿಲು ಬಡೀತಿದ್ರಿ. ಇದ್ದೀರಾ ಇದ್ದೀರಾ ಇದ್ದೀರಾ ಇದ್ದೀರಾ ಅಂತ!

ಹೆಂಡತಿ: ಅದಕ್ಕೇ ಬಾಗಿಲು ಹಾಕಿಕೊಂಡ್ರು! ನಾನಾಗಿದ್ರೆ ನೀರು ಎರಚ್ತಿದ್ದೆ.

ಗಂಡ: ಸರಿ, ಎರಡು ಲಕ್ಷದ ನಲವತ್ತು ಸಾವಿರ ಹಾಕ್ತೀನಿ. ಆಯ್ತಾ?

ತಮ್ಮ: ಆಯ್ತು. ಈಗ ಅದನ್ನ ಆಫ್ ಮಾಡಿ ಆನ್ ಮಾಡಿ. ಹೊಸದಾಗಿ ಶುರುವಾದ್ರೇನೇ ಅದರ ತಲೆಗೆ ಹೋಗೋದು.

ಗಂಡ ಆಫ್ ಮಾಡಿ ಆನ್ ಮಾಡಿದ. ಪರದೆಯ ಮೇಲೆ "ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ, ಶೇಕಡಾ ನಾಲ್ಕು" ಎಂದು ಬಂತು. ಆಗ ಎರಡೂವರೆ ಗಂಟೆ. ಹೆಂಡತಿ ಒಂದು ನಿಟ್ಟುಸಿರು ಬಿಟ್ಟು ಲಿನಕ್ಸ್ ಪೆಟ್ಟಿಗೆಯ ಮುಂದೆ ಕುರ್ಚಿ ಎಳೆದುಕೊಂಡಳು. ಆಸ್ಪತ್ರೆಯಲ್ಲಿ ಯಾರೋ ಕರೆದರೆಂದು ತಮ್ಮ ಫೋನಿಟ್ಟ.

ಗಂಡ: ಚಿಂತೆ ಬಿಡು. ಇದಕ್ಕೂ ಈಗಲೇ ಎರಡು ಲಕ್ಷದ ನಲವತ್ತು ಸಾವಿರ ಹಾಕಿಬಿಟ್ಟೆ. ಒಂದು ಸಲ ಕೈ ಸುಟ್ಟುಕೊಂಡವನು ನಾನು.

ಅವಳು ಮತ್ತೆ ಅದೇ ಇಪ್ಪತ್ತೇಳನೇ ಪುಟ ಓದುತ್ತ ಕೂತಳು. ಐದನೇ ನಿಮಿಷಕ್ಕೆ ಪರದೆ ಬೆಳ್ಳಗಾಯಿತು. ಅವಳ ಮುಖವೂ.

ಹೆಂಡತಿ: (ಫೋನಿಗೆ) ಲೋ, ಮತ್ತೆ ಹೋಯ್ತು ಕಣೋ!

ತಮ್ಮ: ಎಷ್ಟು ಹಾಕಿದ್ರಿ ಭಾವ?

ಗಂಡ: ನೀನೇ ಆಯ್ತು ಅಂದ್ಯಲ್ಲಪ್ಪಾ, ಎರಡು ಲಕ್ಷದ ನಲವತ್ತು ಸಾವಿರ.

ತಮ್ಮ: ಅದು ವಿಂಡೋಸಿಗೆ! ಲಿನಕ್ಸ್ ಸೆಕೆಂಡಲ್ಲೇ ಎಣಿಸತ್ತೆ ಭಾವ!

ಗಂಡ ಚಾವಣಿ ನೋಡಿ ಒಂದೇ ಉಸಿರಿಗೆ ಲೆಕ್ಕ ಹಾಕಿದ.

ಗಂಡ: ಎರಡು ದಿನ ಹದಿನೆಂಟು ಗಂಟೆ ನಲವತ್ತು ನಿಮಿಷ. ನೋಡಿದ್ಯಾ, ಪೇಪರೂ ಬೇಕಾಗಿಲ್ಲ ನನಗೆ.

ಹೆಂಡತಿ: ಆಹಾ, ಏನು ಬುದ್ಧಿವಂತರು! ಎರಡೂಮುಕ್ಕಾಲು ದಿನ ಬಿಟ್ಟು "ಇದ್ದೀರಾ" ಅಂದ್ರೆ ಯಾರಿರ್ತಾರೆ?

ಗಂಡ: ಹಾಗಾದ್ರೆ ಮೊದಲು ನಾನು ಹೇಳಿದ್ದೇ ಸರಿ! ಸೆಕೆಂಡು ಅಂದ್ರೆ ಸೆಕೆಂಡು! ಇದು ಮನುಷ್ಯರು ಮಾಡಿದ ಮೆಷಿನ್ನು. ಇದಕ್ಕೆ ಇನ್ನೂರ ನಲವತ್ತು ಹಾಕಿ, ಆಫ್ ಮಾಡಿ, ಆನ್ ಮಾಡಿದೆ. ಮುಗೀತು.

ತಮ್ಮ: ಯಾಕೆ ಆಫ್ ಮಾಡಿದ್ರಿ ಭಾವ?

ಗಂಡ: ಆಫ್ ಮಾಡದಿದ್ರೆ ತಲೆಗೆ ಹೋಗಲ್ಲ ಅಂದ್ಯಲ್ಲ!

ತಮ್ಮ: ವಿಂಡೋಸಿಗೆ ಆಫ್ ಮಾಡದಿದ್ರೆ ತಲೆಗೆ ಹೋಗಲ್ಲ. ಲಿನಕ್ಸಿಗೆ ನೀವು ಹಾಕಿದ ರೀತೀಲಿ ಹಾಕಿದ್ರೆ, ಆಫ್ ಮಾಡಿದ ಕೂಡಲೇ ಮರೆತುಹೋಗತ್ತೆ. ಮತ್ತೆ ಎರಡು ಗಂಟೆಗೇ ಬಂದು ನಿಂತಿರತ್ತೆ. ಉಳೀಬೇಕು ಅಂದ್ರೆ ಬೇರೆ ಫೈಲಲ್ಲಿ ಬರೀಬೇಕು.

ಗಂಡ ಕುರ್ಚಿಯಲ್ಲಿ ಕುಸಿದ. ಇಷ್ಟು ವರ್ಷ ಅವನು ನಂಬಿಕೊಂಡು ಬಂದ ಒಂದೇ ಒಂದು ದೇವರೆಂದರೆ ಸೆಕೆಂಡು. ಆ ದೇವರಿಗೂ ಜಾತಿ ಇದೆ ಎಂದು ತಿಳಿದು ಅವನಿಗೆ ನಿಜವಾಗಿಯೂ ದುಃಖವಾಯಿತು.

ಗಂಡ: ಹಾಳಾಗಿ ಹೋಗ್ಲಿ, ಮ್ಯಾಕ್ ಇದೆಯಲ್ಲ.

ಹೆಂಡತಿ: ಅದನ್ನ ಮುಟ್ಟಿದ್ರೆ ಮಗಳು ನಮ್ಮಿಬ್ರನ್ನೂ ಮನೆ ಬಿಡಿಸ್ತಾಳೆ.

ಗಂಡ: ಮುಟ್ಟಿ ಆಗಿದೆ. ಇದು ಸೆಕೆಂಡೋ ಮಿಲಿಸೆಕೆಂಡೋ ಯಾರಿಗೆ ಗೊತ್ತು ಅಂತ, ಎರಡಕ್ಕೂ ಬೇಜಾರಾಗದ ಹಾಗೆ ನಡುವೆ ಇರಲಿ ಅಂತ ಎರಡು ಸಾವಿರದ ನಾನೂರು ಹಾಕಿದ್ದೀನಿ.

ತಮ್ಮ: ಭಾವ, ಇದೇನು ಜಮೀನು ಪಂಚಾಯ್ತೀನಾ, ನಡುವೆ ಗೆರೆ ಎಳೆಯೋಕೆ? ಮ್ಯಾಕೂ ಮಿಲಿಸೆಕೆಂಡೇ. ಎರಡೂವರೆ ಸೆಕೆಂಡಿಗೊಂದು ಸಲ ಬಾಗಿಲು ಬಡೀತೀರಿ!

ಹೆಂಡತಿ: ಎಳೀರಿ ಪ್ಲಗ್ಗು! ಎಳೀರಿ!

ಅಷ್ಟರಲ್ಲಿ ಮೂರೂಕಾಲು ದಾಟಿತ್ತು. ವಿಂಡೋಸ್ ತನ್ನ ಅಪ್‌ಡೇಟ್ ಮುಗಿಸಿ ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತ್ತು. ಸಂಖ್ಯೆ ಸರಿಯಾಗಿತ್ತು, ಆಫ್ ಆಗಿ ಆನ್ ಆಗಿತ್ತು, ತಮ್ಮ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದ. ಹೆಂಡತಿ ಕೈ ಮುಗಿದು ಕೂತಳು. ಐದನೇ ನಿಮಿಷಕ್ಕೆ ಸಂಪರ್ಕ ಮತ್ತೆ ಕಡಿಯಿತು.

ಗಂಡ: ಈ ಸಲ ನಾನು ಕಾರಣ ಅಲ್ಲ. ದೇವರಾಣೆ ಕೈ ಜೇಬಲ್ಲಿತ್ತು.

ತಮ್ಮ: ಆಗೋಕೇ ಸಾಧ್ಯ ಇಲ್ಲವಲ್ಲ ಅಕ್ಕಾ... ಡಬ್ಬೀನೇ ಬದಲಾಯಿಸಬೇಕೇನೋ. ನಾನು ಸಂಜೆ ಏಳಕ್ಕೆ ಬಂದು...

ಹೆಂಡತಿ: ಏಳಕ್ಕೆ ಬಂದು ಏನು ಮಾಡ್ತೀಯಾ, ಸಂತಾಪ ಹೇಳ್ತೀಯಾ?

ಗಂಡ ಅವಳ ಮುಂದೆ ಒಂದು ಲೋಟ ನೀರಿಟ್ಟು, ಏನೂ ತಮಾಷೆ ಮಾಡದೆ ಪಕ್ಕದಲ್ಲಿ ನಿಂತ. ಅವಳು ನೀರು ಕುಡಿದು, ಕನ್ನಡಕ ಒರೆಸಿಕೊಂಡು, ಪ್ರಕಾಶನದವರ ಪ್ರೋಗ್ರಾಮಿನ ಸೆಟ್ಟಿಂಗ್ ಪುಟವನ್ನು ಮೊದಲ ಸಾಲಿನಿಂದ ಪ್ರೂಫ್ ನೋಡುವ ಹಾಗೆ ಬೆರಳಿಟ್ಟು ಓದತೊಡಗಿದಳು.

ಹೆಂಡತಿ: ಲೋ, ಇಲ್ಲಿ ತೀರಾ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ "ಕೀಪಲೈವ್ ಬಳಸು" ಅಂತ ಒಂದು ಚೌಕ ಇದೆ. ಅದರಲ್ಲಿ ಗುರುತೇ ಇಲ್ಲ.

ತಮ್ಮ: ಹಾಂ... ಅದು... ಮೆಷಿನ್ನಿಗೆ ಎಷ್ಟು ಹೊತ್ತಿಗೆ ಅಂತ ಮಾತ್ರ ಹೇಳಿದ್ವಿ. ಪ್ರೋಗ್ರಾಮು ಬೇಕು ಅಂತ ಕೇಳದಿದ್ರೆ ಮೆಷಿನ್ನು ಬಾಯೇ ಬಿಡಲ್ಲ. ಅದನ್ನ ಹೇಳೋಕೆ ಮರೆತೆ ಅಕ್ಕಾ.

ಗಂಡ: ಆಹಾಹಾ! ಹೇಳೋಕೆ ಮರೆತ್ಯಾ? ಬೆಳಿಗ್ಗೆಯಿಂದ ನನ್ನ ಮಾನ ಮೂರು ಮೆಷಿನ್ನಲ್ಲಿ ಹರಾಜಾಗ್ತಿದೆ, ಇವನು ಮರೆತನಂತೆ!

ತಮ್ಮ: ಒಂದ್ನಿಮಿಷ. ಹಾಗಿದ್ರೆ ಭಾವ, ಬೆಳಿಗ್ಗೆ ಆ ಚೌಕದಲ್ಲಿ ಗುರುತಿಲ್ಲದೆ ಬಾಗಿಲು ಬಡಿದಿದ್ದು ಹೇಗೆ?

ಗಂಡ: (ತಗ್ಗಿದ ದನಿಯಲ್ಲಿ) ಬೆಳಿಗ್ಗೆ ಗುರುತಿತ್ತು. ಬಾಗಿಲು ಬಂದ್ ಆದಾಗ ಇದೇ ಇರಬೇಕು ರಗಳೆ ಅಂತ ನಾನೇ ತೆಗೆದೆ.

ಹೆಂಡತಿ ಚೌಕಕ್ಕೆ ಗುರುತು ಹಾಕಿದಳು. ಗಂಡನನ್ನು ಅಡುಗೆಮನೆಗೆ ಕಳಿಸಿ ಚಿಲಕ ಹಾಕಿದಳು. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು, ಸಂಪರ್ಕ ಕದಲಲಿಲ್ಲ. ಈಜುವವರೆಲ್ಲ ಮೊದಲು ಆಳ ನೋಡಿ ಆಮೇಲೆ ನೀರಿಗೆ ಇಳಿದರು. ಐದಕ್ಕೆ ಏಳು ನಿಮಿಷವಿರುವಾಗ ನಲವತ್ತನೇ ಪುಟ ಪ್ರಕಾಶನದವರಿಗೆ ತಲುಪಿತು. ಚಿಲಕ ತೆಗೆದಾಗ ಗಂಡ ಇದ್ದಬದ್ದ ಪಾತ್ರೆಗಳನ್ನೆಲ್ಲ ತೊಳೆದು, ಒಣಗಿದ್ದನ್ನೂ ಮತ್ತೆ ತೊಳೆಯುತ್ತಿದ್ದ. ಐದೂಕಾಲಿಗೆ ಪ್ರಕಾಶನದ ಸಂಪಾದಕಿಯ ಫೋನ್ ಬಂತು.

ಸಂಪಾದಕಿ: ನಿಮ್ಮ ಪುಟಗಳು ಬಂದ್ವು. ತುಂಬಾ ಚೆನ್ನಾಗಿ ನೋಡಿದ್ದೀರಿ. ನಿಮಗೂ ಬೆಳಿಗ್ಗೆ ತೊಂದರೆ ಆಗಿರಬೇಕು, ಕ್ಷಮಿಸಿ. ಯಾರೋ ಕಿಡಿಗೇಡಿಗಳ ದೊಡ್ಡ ಗ್ಯಾಂಗು ನಮ್ಮ ಮೆಷಿನ್ ಮೇಲೆ ದಾಳಿ ಮಾಡಿದ್ರು. ನಮ್ಮ ಕಾವಲಿನವರು ಒಂದು ಗಂಟೆವರೆಗೆ ಎಲ್ಲರನ್ನೂ ಹೊರಗೆ ಹಾಕಿದ್ರು. ಯಾರು ಅಂತ ಇನ್ನೂ ಹುಡುಕ್ತಿದ್ದಾರೆ.

ಗಂಡ ಎರಡೂ ಕೈ ಆಡಿಸಿ "ಬೇಡ, ಬೇಡ" ಎಂದು ಸನ್ನೆ ಮಾಡಿದ. ಹೆಂಡತಿ ಸುಮ್ಮನಿದ್ದರೆ ಕೆಲಸ ಕೈಯಲ್ಲಿದೆ. ಆದರೆ ಕಣ್ಣೆದುರು ತಪ್ಪಿದ್ದರೆ ಅದನ್ನು ಹಾಗೇ ಬಿಟ್ಟು ಮುಂದಿನ ಸಾಲಿಗೆ ಹೋಗಲು ಅವಳಿಗೆ ಬರುತ್ತಿರಲಿಲ್ಲ.

ಹೆಂಡತಿ: ಮೇಡಂ, ಅದರಲ್ಲಿ ಎರಡು ತಪ್ಪಿದೆ. ಗ್ಯಾಂಗಲ್ಲ, ಒಬ್ರೇ. ದಾಳಿಯಲ್ಲ, ರಿಪೇರಿ. ನಮ್ಮ ಯಜಮಾನ್ರು.

ಆ ಕಡೆ ಬಹಳ ಹೊತ್ತು ಸದ್ದಿಲ್ಲ.

ಹೆಂಡತಿ: ಹಲೋ ಮೇಡಂ, ಇದ್ದೀರಾ?

ಸಂಪಾದಕಿ: ಇದ್ದೀನಿ, ಇದ್ದೀನಿ. ನಗು ತಡೆಯೋಕಾಗ್ತಿಲ್ಲ. ಅಲ್ಲಮ್ಮಾ, ಮನೆಯವರ ತಪ್ಪನ್ನೂ ಬಿಡಲಿಲ್ಲವಲ್ಲ ನೀವು! ಕೆಲಸ ನಿಮ್ಮದೇ. ಸೋಮವಾರದಿಂದ ಶುರು ಮಾಡಿ. ಫಾರಂ ತುಂಬಬೇಕು, ಒಂದು ವಿಷಯ ಹೇಳಿ. ತಪ್ಪು ಹುಡುಕೋದ್ರಲ್ಲಿ ನಿಮಗೆ ಎಷ್ಟು ವರ್ಷದ ಅನುಭವ?

ಹೆಂಡತಿ ಒದ್ದೆ ಪಾತ್ರೆ ಹಿಡಿದು ನಿಂತಿದ್ದ ಗಂಡನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು.

ಹೆಂಡತಿ: ಹತ್ತೊಂಬತ್ತು ವರ್ಷ ಮೇಡಂ. ಮದುವೆಯಾದ ಮಾರನೇ ದಿನದಿಂದ.